ಏಡ್ ಪತ್ರದ ದೊಡ್ಡ ಅಂಕಿ

ಅಮೆರಿಕದ ಲಿಬರಲ್ ಆರ್ಟ್ಸ್ ಕಾಲೇಜುಗಳಿಂದ ಏಡ್ ಪತ್ರ (ಎಷ್ಟು ಹಣಕಾಸು ನೆರವು ಕೊಡುತ್ತೇವೆ ಎಂದು ತಿಳಿಸುವ ಪತ್ರ) ಬಂದಿದ್ದರೆ ಮೊದಲು ಒಟ್ಟು ಖರ್ಚು ನೋಡಿ. ವರ್ಷಕ್ಕೆ 90,000 ಡಾಲರ್ ಆಗುವ ಕಡೆ ಕಾಲೇಜು 60,000 ಕೊಟ್ಟರೂ ಕೈಯಿಂದ 30,000 ಹೋಗುತ್ತದೆ. 76,000 ಆಗುವ ಕಡೆ 52,000 ಕೊಟ್ಟರೆ 24,000 ಸಾಕು. ಒಟ್ಟು ಖರ್ಚಿನಿಂದ ಗ್ರಾಂಟ್, ಅಂದರೆ ವಾಪಸ್ ಕೊಡಬೇಕಿಲ್ಲದ ನೆರವು, ಮಾತ್ರ ಕಳೆಯಿರಿ. ಸಾಲ ವಾಪಸ್ ಕಟ್ಟಬೇಕಾದ ದುಡ್ಡು. ಕ್ಯಾಂಪಸ್ ಕೆಲಸದ ಸಂಬಳ ದುಡಿದ ಮೇಲೆ ಬರುವುದು, ಸೆಮಿಸ್ಟರ್ ಬಿಲ್ ಅಲ್ಲಿಯವರೆಗೆ ಕಾಯುವುದಿಲ್ಲ. ಆರೋಗ್ಯ ವಿಮೆ, ವಿಮಾನದ ಟಿಕೆಟ್ ಲೆಕ್ಕದಲ್ಲಿವೆಯೇ ಕೇಳಿ. ಹದಿನೇಳರ ಮಕ್ಕಳ ಹೆಗಲಿಗೆ ಇಷ್ಟು ಲೆಕ್ಕ ಭಾರವೇ ಸರಿ, ಮನೆಯವರೂ ಜೊತೆಗೆ ಕೂರಲಿ. ಎಫ್-1 (ವಿದ್ಯಾರ್ಥಿ) ವೀಸಾದವರಿಗೆ ಊಟ-ವಸತಿಗೆ ಸಿಗುವ ಗ್ರಾಂಟ್ ಮೇಲೆ ತೆರಿಗೆಯಿದೆ, ಸಾಮಾನ್ಯವಾಗಿ 14% ಮೊದಲೇ ಹಿಡಿಯುತ್ತಾರೆ. ಮುಂದಿನ ವರ್ಷ ಫೀಸು ಏರಿದರೆ ಗ್ರಾಂಟೂ ಏರುತ್ತದೆಯೇ? ಸೀಟು ಒಪ್ಪಿಕೊಳ್ಳುವ ಮೊದಲೇ ಇಮೇಲ್‌ನಲ್ಲಿ ಬರೆಸಿಕೊಳ್ಳಿ.