ಮೊದಲ ಮಾತ್ರೆ

14 ಆಗಸ್ಟ್ 2024, ಬುಧವಾರ

ನೈಟ್ ಡ್ಯೂಟಿ ಮುಗಿಯಲು ಅರ್ಧ ಗಂಟೆ ಇತ್ತು. ಹೋದ ತಿಂಗಳಷ್ಟೇ ಸೇರಿದ ಹುಡುಗಿ ಎಡಗೈ ಹಿಂದಿಟ್ಟುಕೊಂಡು ಬಂದಳು. "ಅಕ್ಕಾ, ಬೈಬೇಡಿ." ಎಚ್‌ಐವಿ ಇರುವ ರೋಗಿಯ ರಕ್ತ ತೆಗೆದು, ಸೂಜಿಗೆ ಮುಚ್ಚಳ ಹಾಕಲು ಹೋಗಿ ತೋರುಬೆರಳಿಗೆ ಚುಚ್ಚಿಕೊಂಡಿದ್ದಳು. ಚುಚ್ಚಿದ್ದು ನಾಲ್ಕಕ್ಕೆ, ಹೇಳಿದ್ದು ಏಳೂವರೆಗೆ. ಅಲ್ಲಿಯವರೆಗೂ ಬೆರಳು ಹಿಂಡಿ ಹಿಂಡಿ ಸ್ಪಿರಿಟ್ ಹಚ್ಚಿದ್ದಾಳೆ, ಚರ್ಮ ಬೆಳ್ಳಗೆ ಸುಕ್ಕಾಗಿತ್ತು. ಹಿಂಡಲೇಬಾರದು. ಸೋಪು ಹಾಕಿ ನಲ್ಲಿ ನೀರಲ್ಲಿ ತೊಳೆದರೆ ಸಾಕು. ಮೂರೂವರೆ ಗಂಟೆ ಬಾಯಿ ಬಿಡದಂತೆ ಮಾಡಿದ್ದು ನಮ್ಮಂಥ ಹಿರಿಯರ ಬೈಗುಳದ ಭಯ. ಅದು ನನಗೆ ನಾಚಿಕೆಯ ವಿಷಯ.

ಎಂಟಕ್ಕೆ ಪೆಪ್ ಮಾತ್ರೆ, ಅಂದರೆ ಚುಚ್ಚಿಸಿಕೊಂಡ ಮೇಲೆ ಎಚ್‌ಐವಿ ತಗಲದಂತೆ ಕೊಡುವ ಔಷಧ, ನುಂಗಿಸಿದೆವು. "ಇದು ನಿಜವಾಗ್ಲೂ ತಡೆಯುತ್ತಾ ಅಕ್ಕಾ?"

ಕ್ಯಾಂಟೀನಿನಲ್ಲಿ ಕೂತು ಬಿಲ್ಲಿನ ಹಿಂಬದಿ ಬರೆದು ತೋರಿಸಿದೆ. ಇಂಥ ಸಾವಿರ ಚುಚ್ಚುಗಳಲ್ಲಿ ಸೋಂಕು ತಗಲುವುದು ಸುಮಾರು ಮೂರರಲ್ಲಿ. ಪ್ರಯೋಗ ಮಾಡಿ ನೋಡಲು ಸಾವಿರಾರು ಜನ ಬೇಕು, ಅರ್ಧದಷ್ಟು ಜನಕ್ಕೆ ಔಷಧವಿಲ್ಲದ ಬರೀ ಸಕ್ಕರೆಯ ಮಾತ್ರೆ ಕೊಡಬೇಕು. ಯಾರ ಮನಸ್ಸು ಒಪ್ಪೀತು? ಹಾಗಾಗಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯವರು ಫ್ರಾನ್ಸ್, ಬ್ರಿಟನ್, ಇಟಲಿಯವರ ಜೊತೆ ಸೇರಿ ಆಗಲೇ ಚುಚ್ಚಿಸಿಕೊಂಡಿದ್ದವರ ದಾಖಲೆಗಳನ್ನು ಹಿಂದಕ್ಕೆ ನೋಡಿದರು. ಸೂಜಿಯಿಂದ ಸೋಂಕು ತಗಲಿದ 33 ಆಸ್ಪತ್ರೆ ಸಿಬ್ಬಂದಿ ಒಂದು ಕಡೆ, ಚುಚ್ಚಿಸಿಕೊಂಡೂ ಸೋಂಕಾಗದ 679 ಮಂದಿ ಇನ್ನೊಂದು ಕಡೆ. 1997ರಲ್ಲಿ ಪ್ರಕಟವಾಯಿತು. ಅದರಲ್ಲಿ ನೋಡಿದ್ದು ಜಿಡೋವುಡಿನ್ ಎಂಬ ಎಚ್‌ಐವಿ ಔಷಧವನ್ನು.

33ರಲ್ಲಿ ಅದನ್ನು ತೆಗೆದುಕೊಂಡವರು 9, ಅಂದರೆ ಶೇ 27. 679ರಲ್ಲಿ 247, ಶೇ 36. "ಇಷ್ಟೇನಾ?" ಅವಳ ಮುಖ ಬಾಡಿತು.

ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಮಾತ್ರೆಗೆ ಓಡಿ ಬರುವವರು ಯಾರು? ಸೂಜಿ ಆಳಕ್ಕೆ ಇಳಿದವರು. ಬರೀ ಗೀರಿದವರು ಸುಮ್ಮನಾಗುತ್ತಾರೆ. ಆಳದ ಗಾಯವೊಂದರಿಂದಲೇ ಸೋಂಕಿನ ಸಂಭವ 15 ಪಟ್ಟು. ಹೆಚ್ಚು ಅಪಾಯದಲ್ಲಿದ್ದವರೇ ಹೆಚ್ಚಾಗಿ ಮಾತ್ರೆ ನುಂಗಿದ್ದರಿಂದ ಅದರ ಗುಣ ಲೆಕ್ಕದಲ್ಲಿ ಮುಚ್ಚಿಹೋಗಿತ್ತು. ಗಾಯದ ಆಳ, ಸೂಜಿಯ ಮೇಲೆ ಕಾಣುವ ರಕ್ತ, ರೋಗಿಯ ಸ್ಥಿತಿ ಇವನ್ನೆಲ್ಲ ಸರಿದೂಗಿಸಿ ನೋಡಿದಾಗ ಮಾತ್ರೆ ನುಂಗಿದವರಲ್ಲಿ ಸೋಂಕಿನ ಸಂಭವ ಶೇ 81ರಷ್ಟು ಇಳಿದಿತ್ತು.

ಆ 33 ಜನರಲ್ಲಿ ನಮ್ಮ ಹಾಗೆ ನೈಟ್ ಡ್ಯೂಟಿ ಮಾಡಿದ ನರ್ಸುಗಳೂ ಇದ್ದಿರಬಹುದು ಎಂದು ನೆನೆದಾಗಲೆಲ್ಲ ಎದೆ ಭಾರವಾಗುತ್ತದೆ.

ಈಗ ಮೂರು ಔಷಧ ಸೇರಿದ ಒಂದೇ ಮಾತ್ರೆ, ದಿನಕ್ಕೊಂದು, 28 ದಿನ. 72 ಗಂಟೆಯೊಳಗೆ ಶುರುವಾಗಬೇಕು, ಎರಡು ಗಂಟೆಯೊಳಗಾದರೆ ಇನ್ನೂ ಒಳ್ಳೆಯದು. ಅವಳ ಕೊನೆಯ ಮಾತ್ರೆ ಸೆಪ್ಟೆಂಬರ್ 10ಕ್ಕೆ.

ಬಿಲ್ಲು ಮಡಚಿ ಪರ್ಸಿಗೆ ಹಾಕಿಕೊಂಡು ಕೇಳಿದಳು: "ಗೌರಿ ಹಬ್ಬಕ್ಕೆ ಊರಿಗೆ ಹೋದಾಗ ಡಬ್ಬಿ ಅಮ್ಮನ ಕಣ್ಣಿಗೆ ಬಿದ್ರೆ?"

"ಇದ್ದದ್ದು ಇದ್ದ ಹಾಗೆ ಹೇಳು. ಅವರಿಗೆ ಗಾಬರಿಯಾದರೆ ನನಗೆ ಫೋನ್ ಹಚ್ಚಿಕೊಡು, ಎಷ್ಟು ಹೊತ್ತಾದರೂ ಸರಿ."

ಅವಳನ್ನು ಕೇಳಿಯೇ ಇಷ್ಟು ಬರೆದಿದ್ದೇನೆ.