ಲೋಕಲ್ ರೈಲು ನಿಂತ ದಿನ ನಡೆದೇ ಮನೆ ಸೇರಬೇಕಾದರೆ ಬ್ಯಾಗಲ್ಲಿ ಏನಿರಬೇಕು?

ಮಳೆಗಾಲ ಹತ್ತಿರ ಬಂದರೆ ಸಾಕು, ಊರಿಂದ ಹೊಸದಾಗಿ ಮುಂಬೈಗೆ ಬಂದ ಹುಡುಗ ಹುಡುಗಿಯರು ನನ್ನನ್ನು ಇದನ್ನೇ ಕೇಳುತ್ತಾರೆ: "ಅಕ್ಕಾ, ಲೋಕಲ್ ನಿಂತುಹೋಗಿ ಫೋರ್ಟ್‌ನಿಂದ ಘಾಟ್ಕೋಪರ್‌ಗೆ ನಡೆದೇ ಹೋಗಬೇಕಾಗಿ ಬಂದರೆ ಬ್ಯಾಗಲ್ಲಿ ಏನೇನು ಇಟ್ಟುಕೊಂಡಿರಬೇಕು?"

ಬ್ಯಾಗಿನ ಮಾತು ಆಮೇಲೆ. ಮೊದಲು ದಾರಿಯ ಸುದ್ದಿ ಬೇಕು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಅದೇ ಹೊತ್ತಿನಲ್ಲಿ ನಗರದ ದಕ್ಷಿಣ ತುದಿಯ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 73 ಮಿಲಿಮೀಟರ್ ಮಾತ್ರ. ಫೋರ್ಟ್‌ನಂಥ ದಕ್ಷಿಣ ಮುಂಬೈಯ ಆಫೀಸಿನ ಕಿಟಕಿಯಲ್ಲಿ ನಿಂತು ನೋಡಿದವರಿಗೆ ದಾರಿಯಲ್ಲಿ ಸಿಗುವ ಕುರ್ಲಾದಲ್ಲಿ ಮಿಠಿ ನದಿ ಉಕ್ಕಿರುವುದು ಹೇಗೆ ಗೊತ್ತಾಗಬೇಕು? ಹಾಗಾಗಿ ಹೊರಡುವ ಮೊದಲು ದಾರಿಯುದ್ದಕ್ಕೂ ಇರುವ ಪರಿಚಯದವರಿಗೆ ಫೋನ್ ಮಾಡಿ. ಪಾಲಿಕೆಯ ಸಹಾಯವಾಣಿ 1916 ನಂಬರ್ ಇದೆ. ಸಮುದ್ರದ ಉಬ್ಬರದ ಸಮಯ ನೋಡಿ. ಉಬ್ಬರ ಜೋರಾಗಿದ್ದು ಅದೇ ಹೊತ್ತಿಗೆ ಮಳೆಯೂ ಹೊಡೆದರೆ ಚರಂಡಿಯ ನೀರು ಸಮುದ್ರಕ್ಕೆ ಇಳಿಯುವುದಿಲ್ಲ, ರಸ್ತೆಯಲ್ಲೇ ನಿಲ್ಲುತ್ತದೆ. ಉಬ್ಬರದಿಂದ ಇಳಿತಕ್ಕೆ ಸುಮಾರು ಆರು ಗಂಟೆ. ಆಫೀಸು ಮೇಲಿನ ಮಹಡಿಯಲ್ಲಿದ್ದು, ಕುಡಿಯಲು ನೀರಿದ್ದರೆ ಕಾಯುವುದೇ ಸರಿ. ರಾತ್ರಿ ಅಲ್ಲೇ ಕಳೆದರೂ ಪರವಾಗಿಲ್ಲ. ಮನೆಯವರಿಗೆ ಹೇಳಿದರೆ ಆಯಿತು, ಅಲ್ವಾ?

ಹೊರಡಲೇಬೇಕು ಅಂದರೆ ಬೆಳಕಿರುವಾಗಲೇ, ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೊರಡಿ. ಹಿಂದ್‌ಮಾತಾ, ಕಿಂಗ್ಸ್ ಸರ್ಕಲ್ ಹತ್ತಿರದ ಗಾಂಧಿ ಮಾರ್ಕೆಟ್, ಸಾಯನ್, ಕುರ್ಲಾ ಎಲ್ಲ ನೀರು ನಿಲ್ಲುವ ಜಾಗಗಳು. ಪಶ್ಚಿಮದ ಕಡೆ ಹೋಗುವವರು ಮಿಲನ್ ಸಬ್‌ವೇ, ಅಂಧೇರಿ ಸಬ್‌ವೇಗೆ ಇಳಿಯಲೇಬೇಡಿ. ಹರಿಯುವ ನೀರು ಮೊಣಕಾಲಿನ ಅರ್ಧಕ್ಕೆ ಬಂದರೂ ದೊಡ್ಡವರನ್ನೇ ಬೀಳಿಸುತ್ತದೆ. ದೀಪದ ಕಂಬ, ಕರೆಂಟ್ ಡಬ್ಬಗಳಿಂದ ದೂರವಿರಿ.

ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಮ್ಯಾನ್‌ಹೋಲಿನದು. ನೀರು ಬೇಗ ಇಳಿಯಲಿ ಅಂತ ಜನರೇ ಮುಚ್ಚಳ ತೆಗೆದಿಟ್ಟಿರುತ್ತಾರೆ. 2017ರ ಆಗಸ್ಟ್ 29ರಂದು ಕಾರು ಬಿಟ್ಟು ಮನೆಗೆ ನಡೆದು ಹೊರಟ ಹಿರಿಯ ವೈದ್ಯರೊಬ್ಬರು ಎಲ್ಫಿನ್‌ಸ್ಟನ್ ರೋಡ್ ಹತ್ತಿರ ಹೀಗೆ ತೆರೆದಿದ್ದ ಮ್ಯಾನ್‌ಹೋಲಿಗೆ ಬಿದ್ದು ತೀರಿಕೊಂಡರು. ಅದಕ್ಕೇ ಉದ್ದನೆಯ, ಗಟ್ಟಿ ಕೊಡೆ ಇಟ್ಟುಕೊಳ್ಳಿ ಅನ್ನುತ್ತೇನೆ. ಮಳೆಗೆ ರೇನ್‌ಕೋಟ್ ಹಾಕಿ. ಕೊಡೆಯನ್ನು ಮಡಚಿ, ಪ್ರತಿ ಹೆಜ್ಜೆಗೂ ಮೊದಲು ಅದರಿಂದ ನೆಲ ಮುಟ್ಟಿ ನೋಡಿ. ನೀರಿನ ನಡುವೆ ಮರದ ಕೊಂಬೆ ನೆಟ್ಟಿದ್ದರೆ ಅಲ್ಲಿ ಗುಂಡಿ ಇದೆ ಅಂತಲೇ ತಿಳಿಯಿರಿ. ನೀರು ಸುಳಿ ತಿರುಗುತ್ತಿದ್ದರೂ ಅಷ್ಟೆ.

ಕಾಲಿಗೆ ಲೇಸು ಕಟ್ಟುವ, ಹಳೆಯ ಸ್ಪೋರ್ಟ್ಸ್ ಶೂ. ಚಪ್ಪಲಿ ಕೊಚ್ಚಿಕೊಂಡು ಹೋಗುತ್ತದೆ. ಗಮ್‌ಬೂಟ್ ಒಳಗೆ ನೀರು ತುಂಬಿದರೆ ಕಾಲು ಎತ್ತುವುದೇ ಕಷ್ಟ. ಬರಿಗಾಲಲ್ಲಿ ಗಾಜು, ಮೊಳೆ ಚುಚ್ಚುತ್ತದೆ. ಫೋರ್ಟ್‌ನಿಂದ ಘಾಟ್ಕೋಪರ್ ಅಂದರೆ ಹತ್ತಿರ ಹತ್ತಿರ 20 ಕಿಲೋಮೀಟರ್. ಹೊಸ ಶೂ ಕಚ್ಚಿದರೆ ಅರ್ಧ ದಾರಿಯಲ್ಲೇ ಕೂರಬೇಕಾಗುತ್ತದೆ. ಹಳೆಯ ಜೋಡಿಯೊಂದನ್ನು ಆಫೀಸಿನ ಡ್ರಾಯರಿನಲ್ಲೇ ಇಟ್ಟುಬಿಡಿ.

ಈಗ ಬ್ಯಾಗು. ಎರಡೂ ಹೆಗಲಿಗೆ ಹಾಕುವಂಥದ್ದು, ಹಗುರವಾಗಿರಲಿ. ಫೋನಿಗೆ ನೀರು ಹೋಗದ ಪ್ಲಾಸ್ಟಿಕ್ ಚೀಲ, ಪವರ್ ಬ್ಯಾಂಕ್, ಸಣ್ಣ ಟಾರ್ಚ್, ಸೀಟಿ, ಒಂದು ಬಾಟಲಿ ನೀರು, ಚಿಕ್ಕಿ, ದಿನಾ ನುಂಗುವ ಮಾತ್ರೆ. ನೆಟ್‌ವರ್ಕ್ ಹೋದರೆ ಯುಪಿಐ ನಡೆಯುವುದಿಲ್ಲ, ಚಿಲ್ಲರೆ ನೋಟು ಬೇಕು. ಮನೆಯವರ ನಂಬರ್ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಲ್ಯಾಪ್‌ಟಾಪ್ ಆಫೀಸಿನಲ್ಲೇ ಇರಲಿ, ದಯವಿಟ್ಟು.

ಸ್ಟೇಷನ್ ಸೇತುವೆಯ ಮೆಟ್ಟಿಲ ಮೇಲೆ ಮಳೆಗೆ ನಿಲ್ಲಬೇಡಿ. 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ ಅದೇ ಎಲ್ಫಿನ್‌ಸ್ಟನ್ ರೋಡ್ (ಈಗಿನ ಪ್ರಭಾದೇವಿ) ಸ್ಟೇಷನ್ನಿನ ಸೇತುವೆಯಲ್ಲಿ ಮಳೆ ತಪ್ಪಿಸಿಕೊಳ್ಳಲು ನಿಂತವರ ಹಿಂದೆ ರೈಲಿಂದ ಇಳಿದವರೂ ಬಂದು ಸೇರಿದರು. ನೂಕುನುಗ್ಗಲಿನಲ್ಲಿ 23 ಜನ ಸತ್ತರು. ಜನ ಒತ್ತುವಂತಾದರೆ ಎರಡೂ ಕೈ ಎದೆಯ ಮುಂದೆ ಅಡ್ಡ ಹಿಡಿದು ಉಸಿರಿಗೆ ಜಾಗ ಮಾಡಿಕೊಳ್ಳಿ. ಏನೇ ಬಿದ್ದರೂ ಬಗ್ಗಬೇಡಿ.

ಮನೆ ಸೇರಿದ ಮೇಲೆ ಕಾಲನ್ನು ಸೋಪು ಹಾಕಿ ತೊಳೆದು, ಗಾಯ ಇದೆಯಾ ನೋಡಿ. ಇಲಿಯ ಮೂತ್ರ ಸೇರಿದ ನೀರಿನಿಂದ ಲೆಪ್ಟೊಸ್ಪೈರೋಸಿಸ್, ಅಂದರೆ ಇಲಿ ಜ್ವರ, ಬರುತ್ತದೆ. ಕೊಳಚೆ ನೀರಲ್ಲಿ ನಡೆದವರು 72 ಗಂಟೆಯೊಳಗೆ ವೈದ್ಯರನ್ನು ಕಂಡು, ಅವರು ಹೇಳಿದ ಮಾತ್ರೆ ತೆಗೆದುಕೊಳ್ಳಬೇಕು. ಜ್ವರ ಬರಲಿ, ಆಮೇಲೆ ನೋಡೋಣ ಅಂತ ಸುಮ್ನೆ ಕೂರಬೇಡಿ.