ಹಕ್ಕಿ ಹೊಲದ ಮಿಕ್ಕ ಬೀಜ: ಮಳೆಗಾಲ ದಾಟಿಸುವುದು ಹೇಗೆ

ಪುಣೆ ಸುತ್ತಲಿನ ಸಾಸವಡ, ಭೋರ, ಮುಳಶಿ ಕಡೆ ಸ್ವಂತ ಹೊಲದಲ್ಲಿ ಐದ್ಹತ್ತು ಗುಂಟೆ ಹಕ್ಕಿ, ಮೊಲಗಳಿಗೆಂದೇ ಬಿತ್ತುವವರಿಗೆ ಬೀಜ ಮಿಗದೆ ಇರುವುದಿಲ್ಲ. ಹೈಬ್ರಿಡ್ ಸಜ್ಜೆ ಒಂದೂವರೆ ಕಿಲೋ ಪ್ಯಾಕೆಟ್ಟಿನಲ್ಲಿ ಬರುತ್ತದೆ, ಅದು ಒಂದು ಎಕರೆಯ ಲೆಕ್ಕ. ಹತ್ತು ಗುಂಟೆಗೆ 400 ಗ್ರಾಂ ಸಾಕು. ಉಳಿದ ಕಿಲೋ ಚಿಲ್ಲರೆ ಬೀಜ, ಜೊತೆಗೆ ಒಂದಿಷ್ಟು ಜೋಳ, ಅಲಸಂದಿ, ಹುರುಳಿ, ಸೂರ್ಯಕಾಂತಿ ಮುಂದಿನ ಜೂನ್‌ವರೆಗೆ ಕಾಯಬೇಕು.

ಬಹಳ ಜನ ಇದರ ಯೋಚನೆ ಮಾಡುವುದು ಬಿತ್ತನೆ ಮುಗಿದ ಮೇಲೆ. ಅಷ್ಟೊತ್ತಿಗೆ ತಡವಾಗಿರುತ್ತದೆ. ಮುಂಗಾರಿನ ಬೀಜ ಮಿಗುವುದು ಜೂನ್ ಕೊನೆಗೆ. ಅಲ್ಲಿಂದ ಸೆಪ್ಟೆಂಬರ್‌ವರೆಗೆ ಪುಣೆಯಲ್ಲೂ ಗಾಳಿಯ ತೇವ 80 ಪ್ರತಿಶತದ ಆಸುಪಾಸಿನಲ್ಲೇ ಇರುತ್ತದೆ, ಬಿಸಿಲಿಗೆ ಹಾಕೋಣವೆಂದರೆ ಬಿಸಿಲೇ ಇಲ್ಲ. ಬೀಜ ಸುತ್ತಲಿನ ಗಾಳಿಯಿಂದ ತೇವ ಹೀರುತ್ತದೆ. ಅಂಥ ಗಾಳಿಯಲ್ಲಿ ಬಾಯಿ ತೆರೆದ ಚೀಲದ ಜೋಳ ಕೆಲವೇ ವಾರಗಳಲ್ಲಿ 14–15 ಪ್ರತಿಶತ ತೇವಕ್ಕೆ ಏರುತ್ತದೆ. ಸಾಮಾನ್ಯ ಚೀಲದಲ್ಲಿಡುವ ಜೋಳ, ಸಜ್ಜೆಗೆ ಬೀಜ ಪ್ರಮಾಣೀಕರಣದ ಮಿತಿ 12, ಗಾಳಿಯಾಡದ ಡಬ್ಬಿಗೆ ತುಂಬುವುದಾದರೆ 8. ದ್ವಿದಳಕ್ಕೆ 9 ಮತ್ತು 8, ಸೂರ್ಯಕಾಂತಿಗೆ 9 ಮತ್ತು 7.

ಹಾಗಾಗಿ ಮಿಕ್ಕ ಬೀಜವನ್ನು ಬೇರೆ ಮಾಡಬೇಕಾದದ್ದು ಮೇ ತಿಂಗಳಲ್ಲಿ, ಹೊಲಕ್ಕೆ ಹೋಗುವ ಮೊದಲು. ಎಷ್ಟು ಗುಂಟೆಗೆ ಎಷ್ಟು ಬೇಕು ಎಂದು ತೂಗಿ, ಅದರ ಮೇಲೆ ಹತ್ತನೇ ಒಂದು ಪಾಲು ಹೆಚ್ಚಿಗೆ ಇಟ್ಟುಕೊಂಡು, ಉಳಿದದ್ದನ್ನು ಬೇಸಿಗೆ ಇರುವಾಗಲೇ ಒಣಗಿಸಿ ಮುಚ್ಚಿಡಿ. ಆ ಡಬ್ಬಿ ಹೊಲ ನೋಡಲೇಬಾರದು. ಹೊಲಕ್ಕೆ ಹೋಗಿ ಬಂದ ಬೀಜ ಎಷ್ಟೇ ಉಳಿದರೂ ಅದನ್ನು ಒಳ್ಳೆಯದರ ಜೊತೆ ಬೆರೆಸಬೇಡಿ, ಹಿಂಗಾರಿನಲ್ಲೇ ಮುಗಿಸಿಬಿಡಿ. ಹಿಂಗಾರಿ ಜೋಳಕ್ಕೆ, ಅಂದರೆ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಿತ್ತುವ ಮಾಲದಂಡಿ ತಳಿಗೆ, ಇಷ್ಟು ತಾಪತ್ರಯವಿಲ್ಲ. ಮುಂದೆ ಒಣ ಚಳಿಗಾಲವಿರುವುದರಿಂದ ಅದನ್ನು ನವೆಂಬರಿನಲ್ಲಿ ಒಣಗಿಸಿ ಮುಚ್ಚಿದರಾಯಿತು.

ಒಣಗಿಸುವುದರಲ್ಲೂ ಆತುರ ಕೂಡದು. ತಾಡಪತ್ರಿಯ ಮೇಲೆ ನೇರವಾಗಿ ಸುರಿದರೆ ಮೇ ಬಿಸಿಲಿಗೆ ಅಡಿಯ ಕಾಳು ಬೆಂದೇ ಹೋಗುತ್ತದೆ. ಬೀಜದ ಶಾಖ 40 ಡಿಗ್ರಿ ದಾಟಬಾರದು. ತಾಡಪತ್ರಿಯ ಮೇಲೊಂದು ಹತ್ತಿ ಬಟ್ಟೆ ಹಾಸಿ, ಎರಡು ಬೆರಳು ದಪ್ಪಕ್ಕಿಂತ ಹೆಚ್ಚಿಲ್ಲದಂತೆ ಹರವಿ, ಬೆಳಿಗ್ಗೆ ಎಂಟರಿಂದ ಹನ್ನೊಂದೂವರೆವರೆಗೆ ಒಣಗಿಸಿ, ಆಮೇಲೆ ನೆರಳಿಗೆ ಎಳೆಯಿರಿ. ಅರ್ಧ ಗಂಟೆಗೊಮ್ಮೆ ಕೈಯಾಡಿಸಬೇಕು. ಎರಡು ಮೂರು ದಿನ ಹೀಗೆ ಮಾಡಿ, ಒಂದು ಸಂಜೆ ಪೂರ್ತಿ ಆರಲು ಬಿಟ್ಟು ತುಂಬಿ. ಬಿಸಿ ಬೀಜ ತುಂಬಿದರೆ ಡಬ್ಬಿಯ ಒಳಗೋಡೆ ಬೆವರುತ್ತದೆ, ಮುಗ್ಗು ಹಿಡಿಯುವುದು ಅಲ್ಲಿಂದಲೇ. ಒಣಗಿಸುವ ಮೊದಲು ಮೊರದಲ್ಲಿ ಕೇರಿ ಒಡಕು ಕಾಳು, ಹೊಟ್ಟು ತೆಗೆದುಬಿಡಿ, ಹುಳ ಮೊದಲು ಹತ್ತುವುದು ಒಡಕಿಗೆ. ಕಣದ ಗುಡಿಸಿದ ಕಾಳನ್ನಂತೂ ಬೀಜಕ್ಕೆ ಸೇರಿಸಲೇಬೇಡಿ. ಕಾಂಗ್ರೆಸ್ ಕಸದ ಬೀಜ ಹೊಸ ಹೊಲಕ್ಕೆ ಹೋಗುವ ಸುಲಭದ ದಾರಿ ಅದು.

ಒಣಗಿದೆಯೋ ಇಲ್ಲವೋ ನೋಡಲು ಮೀಟರ್ ಇಲ್ಲದಿದ್ದರೆ ಉಪ್ಪು ಸಾಕು. ಚೆನ್ನಾಗಿ ಒಣಗಿದ ಗಾಜಿನ ಬಾಟಲಿಗೆ ಮೂರು ಚಮಚ ಒಣ ಪುಡಿ ಉಪ್ಪು, ಅದರ ಮೇಲೆ ಬಾಟಲಿಯ ಮೂರನೇ ಒಂದು ಭಾಗದಷ್ಟು ಬೀಜ ಹಾಕಿ ಮುಚ್ಚಿ, ಒಂದು ನಿಮಿಷ ಅಲುಗಾಡಿಸಿ ಹದಿನೈದು ನಿಮಿಷ ಇಡಿ. ಗಾಜಿಗೆ ಉಪ್ಪು ಅಂಟಿದರೆ ತೇವ 15ರ ಮೇಲಿದೆ. ಅಂಟದಿದ್ದರೆ 15ರ ಕೆಳಗೆ ಬಂದಿದೆ ಎಂದಷ್ಟೇ ಅರ್ಥ, 8ಕ್ಕೆ ಬಂದಿದೆ ಎಂದಲ್ಲ. ಆಮೇಲಿನ ಅಂದಾಜಿಗೆ ಹಲ್ಲೇ ಮೀಟರು: ಕಚ್ಚಿದಾಗ ಜೋಳ ಕಟಕ್ಕೆಂದು ಎರಡು ಹೋಳಾಗಬೇಕು. ಹಲ್ಲಿನ ಗುರುತು ಮೂಡಿ ಚಪ್ಪಟೆಯಾದರೆ ಇನ್ನೂ ಒಣಗಬೇಕು. ಈ ಪರೀಕ್ಷೆ ಔಷಧ ಹಚ್ಚದ ಬೀಜಕ್ಕೆ ಮಾತ್ರ.

ಮಳೆಗಾಲದಲ್ಲೇ ಒಣಗಿಸುವ ಪ್ರಸಂಗ ಬಂದರೆ ತೇವ ಹೀರುವ ಹರಳು, ಅಂದರೆ ಸಿಲಿಕಾ ಜೆಲ್ ಬೇಕು. ಬೀಜದಷ್ಟೇ ತೂಕದ ಜೆಲ್ ಬಟ್ಟೆ ಚೀಲದಲ್ಲಿ ಕಟ್ಟಿ ಅದೇ ಡಬ್ಬಿಯಲ್ಲಿ ಐದಾರು ದಿನ ಇಡಿ. ಕಿತ್ತಳೆ ಬಣ್ಣದ ಜೆಲ್ ತೇವ ಕುಡಿದಾಗ ಹಸಿರಾಗುತ್ತದೆ, ಓವನ್ನಿನಲ್ಲಿ 120 ಡಿಗ್ರಿಗೆ ಎರಡು ಮೂರು ಗಂಟೆ ಇಟ್ಟರೆ ಮತ್ತೆ ಕೆಲಸಕ್ಕೆ ಬರುತ್ತದೆ. ಜೆಲ್ ಇಲ್ಲದಿದ್ದರೆ ಕಂದು ತಿರುಗುವಂತೆ ಹುರಿದು, ಮುಚ್ಚಿದ ಡಬ್ಬಿಯಲ್ಲೇ ಆರಿಸಿದ ಅಕ್ಕಿಯೂ ನಡೆಯುತ್ತದೆ, ಆದರೆ ಎರಡು ಮೂರು ಸಲ ಬದಲಿಸಬೇಕು.

ಬೀಜ ಕಾಯುವವರು ಬಳಸುವ ಒಂದು ಲೆಕ್ಕವಿದೆ: ಫ್ಯಾರನ್‌ಹೀಟ್ ಶಾಖ ಮತ್ತು ಗಾಳಿಯ ತೇವದ ಪ್ರತಿಶತ ಎರಡನ್ನೂ ಕೂಡಿದರೆ 100ರ ಒಳಗಿರಬೇಕು. ಜುಲೈಯಲ್ಲಿ ಪುಣೆಯ ಮನೆಯೊಳಗೆ 27 ಡಿಗ್ರಿ ಸೆಲ್ಸಿಯಸ್ ಎಂದರೆ 81 ಫ್ಯಾರನ್‌ಹೀಟ್, ತೇವ 80, ಮೊತ್ತ 161. ಫ್ರಿಜ್ಜಿನ 5 ಡಿಗ್ರಿ ಎಂದರೆ 41. ಡಬ್ಬಿಯೊಳಗಿನ ತೇವ 35 ಇದ್ದರೆ ಮೊತ್ತ 76. ಇನ್ನೊಂದು ನಿಯಮ ಬೀಜ ವಿಜ್ಞಾನಿ ಹ್ಯಾರಿಂಗ್ಟನ್ ಹೇಳಿದ್ದು: ಬೀಜದ ತೇವ ಒಂದು ಪ್ರತಿಶತ ಇಳಿದರೆ ಆಯುಷ್ಯ ದುಪ್ಪಟ್ಟು, ಶಾಖ 5 ಡಿಗ್ರಿ ಸೆಲ್ಸಿಯಸ್ ಇಳಿದರೂ ದುಪ್ಪಟ್ಟು. ತೇವ 5ರಿಂದ 14 ಪ್ರತಿಶತದ ನಡುವೆ ಇರುವವರೆಗೆ ಇದು ಸರಿಸುಮಾರು ಹೊಂದುತ್ತದೆ. ನಮ್ಮ ಹವೆಗೆ ಇದರಲ್ಲಿ ತೇವದ ಮಾತೇ ದೊಡ್ಡದು. ಒಣಗಿಸದೆ ಫ್ರಿಜ್ಜಿಗೆ ನೂಕುವುದಕ್ಕಿಂತ, ಒಣಗಿಸಿ ಮುಚ್ಚಿ ತಂಪು ಮೂಲೆಯಲ್ಲಿಟ್ಟರೆ ಬೀಜ ಹೆಚ್ಚು ಬಾಳುತ್ತದೆ.

ಮುಂಬಯಿ, ಗೋವಾದವರಿಗೆ ಆ ಮೂಲೆಯೂ ಇಲ್ಲ. ಮಡಗಾಂವ್, ವಾಸ್ಕೋದಲ್ಲಿ ಮೇ ತಿಂಗಳ ಗಾಳಿಯೂ ತೇವದ್ದೇ, ಬಿಸಿಲೊಂದರಿಂದಲೇ ಬೀಜ 8ಕ್ಕೆ ಇಳಿಯದು. ಅಲ್ಲಿ ಜೆಲ್ ಮತ್ತು ಫ್ರಿಜ್ ಎರಡೂ ಬೇಕು. ಟೆರೇಸಿನ ಸ್ಲ್ಯಾಬ್ ಕೆಳಗಿನ ಲಾಫ್ಟ್ ಅಂತೂ ಬೀಜಕ್ಕೆ ಒಲೆಯೇ. ಫ್ರಿಜ್ಜಿನಿಂದ ತೆಗೆದ ಡಬ್ಬಿಯನ್ನು ಒಂದು ರಾತ್ರಿ ಹಾಗೇ ಹೊರಗಿಟ್ಟು ಆಮೇಲೆ ತೆರೆಯಿರಿ. ತಣ್ಣಗಿರುವಾಗಲೇ ಮುಚ್ಚಳ ತೆಗೆದರೆ ಹೊರಗಿನ ಗಾಳಿಯ ತೇವ ಕಾಳಿನ ಮೇಲೆ ನೀರಾಗಿ ಕೂರುತ್ತದೆ, ತಿಂಗಳುಗಟ್ಟಲೆಯ ಕಾವಲು ಹತ್ತು ನಿಮಿಷಕ್ಕೆ ಹಾಳು.

ಈಗ ಹುಳದ ಮಾತು. ಜೋಳಕ್ಕೆ ಸೊಂಡಿಲ ಹುಳ, ಅಲಸಂದಿ, ಹುರುಳಿ, ಹೆಸರಿಗೆ ಬೀಜದ ದುಂಬಿ. ದುಂಬಿ ಮನೆಗೆ ಬಂದು ಹತ್ತುವುದಕ್ಕಿಂತ ಹೊಲದಿಂದಲೇ ಕಾಯಿಯ ಜೊತೆ ಬಂದಿರುವುದು ಹೆಚ್ಚು. ಅಲಸಂದಿಯ ಒಂದು ಕಾಳನ್ನು ಬೆಳಕಿಗೆ ಹಿಡಿದು ನೋಡಿ: ಸಿಪ್ಪೆಯ ಮೇಲೆ ಸಾಸಿವೆಗಿಂತ ಚಿಕ್ಕದಾದ ಬಿಳಿ ಚುಕ್ಕೆ ಅಂಟಿದ್ದರೆ ಅದು ಮೊಟ್ಟೆ. ಉಗುರಿನಿಂದ ಕೆರೆದರೆ ಮಾತ್ರ ಏಳುತ್ತದೆ. ಇನ್ನು ಕೆಲವು ದಿನಕ್ಕೆ ಸಿಪ್ಪೆಯ ಕೆಳಗೆ ಮಸುಕಾದ ದುಂಡು ಕಿಟಕಿ ಕಾಣುತ್ತದೆ. ಆಗ ಒಳಗಿನ ಹುಳ ಬೆಳೆದು ಹೊರಬರಲು ಸಿದ್ಧವಾಗಿದೆ ಎಂದರ್ಥ. ದುಂಡು ತೂತು ಬಿದ್ದ ಮೇಲೆ ನೋಡುವುದಕ್ಕೇನೂ ಉಳಿದಿರುವುದಿಲ್ಲ. 30 ಡಿಗ್ರಿ ಶಾಖದಲ್ಲಿ ಮೊಟ್ಟೆಯಿಂದ ದುಂಬಿಯಾಗಲು ಮೂರು ನಾಲ್ಕು ವಾರ ಸಾಕು, ಒಂದು ಮಳೆಗಾಲದಲ್ಲಿ ಮೂರು ತಲೆಮಾರು.

ಒಳಗಿರುವ ಹುಳಕ್ಕೆ ಡೀಪ್ ಫ್ರೀಜರೇ ಸರಿಯಾದ ಮದ್ದು. ಚೆನ್ನಾಗಿ ಒಣಗಿದ ಬೀಜವನ್ನು ಗಟ್ಟಿಯಾಗಿ ಮುಚ್ಚಿ ಮೈನಸ್ 18ರಲ್ಲಿ ಒಂದು ವಾರ ಇಡಿ, ಮೊಟ್ಟೆ, ಮರಿ, ಕೋಶ, ದುಂಬಿ ಎಲ್ಲ ಸಾಯುತ್ತವೆ. ತೇವವಿರುವ ಬೀಜವನ್ನು ಹೀಗಿಟ್ಟರೆ ಮೊಳಕೆಯ ಕಣ್ಣೇ ಸಾಯುತ್ತದೆ, ಒಣಗಿಸದೆ ಇಡಬೇಡಿ. ಫ್ರೀಜರ್ ಇಲ್ಲದವರು ದ್ವಿದಳ ಬೀಜಕ್ಕೆ ಕಿಲೋಗೆ 5 ಮಿಲಿ, ಅಂದರೆ ಒಂದು ಟೀ ಚಮಚ, ಔಡಲ ಎಣ್ಣೆ ಹಚ್ಚಿ ಪ್ರತಿ ಕಾಳೂ ಹೊಳೆಯುವಂತೆ ಉಜ್ಜಿ. ಮೊಟ್ಟೆ ಅಂಟುವುದಿಲ್ಲ, ಅಂಟಿದರೂ ಉಸಿರು ಕಟ್ಟಿ ಸಾಯುತ್ತದೆ. ವಿಜಯಪುರ, ಕಲಬುರಗಿ ಕಡೆ ಬೀಜದ ಗಡಿಗೆಗೆ ಬೂದಿ, ಬೇವಿನೆಲೆ ಹಾಕುವ ರೂಢಿಯೂ ಒಳ್ಳೆಯದೇ. ಎಲೆ ಮಾತ್ರ ಗರಗರ ಒಣಗಿರಬೇಕು, ಹಸಿ ಎಲೆ ತೇವ ತರುತ್ತದೆ. ಡಾಂಬರು ಗುಳಿಗೆ ಬೇಡ. ಕಾಳಿನ ಹುಳಕ್ಕೆ ಹಾಕುವ ಸೆಲ್ಫಾಸ್ ಮಾತ್ರೆ ಮನೆಯೊಳಗೆ ಎಂದಿಗೂ ಬೇಡ: ಅದರ ಫಾಸ್ಫೀನ್ ಅನಿಲ ಮುಚ್ಚಿದ ಕೋಣೆಯಲ್ಲಿ ಮಲಗಿದವರನ್ನೇ ಕೊಲ್ಲುತ್ತದೆ.

ಡಬ್ಬಿಯ ಆಯ್ಕೆ ಸುಲಭ: ರಬ್ಬರ್ ಉಂಗುರವಿರುವ ಸ್ಟೀಲ್ ಡಬ್ಬಿ, ಒಣಗಿದ ದಪ್ಪ ಪ್ಲಾಸ್ಟಿಕ್ ಬಾಟಲಿ, ಹೆಚ್ಚಿದ್ದರೆ ಗಾಳಿಯಾಡದ ಒಳಪದರದ ಚೀಲ. ಕಂಠಮಟ್ಟ ತುಂಬಿ, ಖಾಲಿ ಜಾಗದಲ್ಲಿ ಗಾಳಿ ಉಳಿಯಬಾರದು. ಚೀಲವಾದರೆ ನೆಲದಿಂದ ಗೇಣೆತ್ತರದ ಹಲಗೆಯ ಮೇಲೆ, ಗೋಡೆಯಿಂದ ದೂರ ಇಡಿ, ಇಲಿಗೆ ಮರೆ ಸಿಗಬಾರದು. ಒಳಗೊಂದು, ಹೊರಗೊಂದು ಚೀಟಿ: ತಳಿ, ಲಾಟ್ ಸಂಖ್ಯೆ, ಕೊಂಡ ತಿಂಗಳು, ಔಷಧ ಹಚ್ಚಿದ್ದೋ ಅಲ್ಲವೋ. ರೈಜೋಬಿಯಂ ಎಂಬ ಜೀವಾಣು ಗೊಬ್ಬರದ ಪುಡಿಯನ್ನು ಬೀಜಕ್ಕೆ ಹಚ್ಚಿ ಇಡುವ ಹಾಗಿಲ್ಲ, ಹಚ್ಚಿದ ದಿನವೇ ಬಿತ್ತಬೇಕು.

ಮುಂದಿನ ಮೇಯಲ್ಲಿ ನೂರು ಕಾಳು ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುರುಳಿ ಸುತ್ತಿ ನೆರಳಲ್ಲಿಡಿ. ಸಜ್ಜೆಯನ್ನು ಏಳನೇ ದಿನ, ಅಲಸಂದಿಯನ್ನು ಎಂಟನೇ ದಿನ, ಜೋಳ, ಸೂರ್ಯಕಾಂತಿಯನ್ನು ಹತ್ತನೇ ದಿನ ಎಣಿಸಿ. ಬೇರು, ಕುಡಿ ಎರಡೂ ಸರಿಯಿರುವವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಜೋಳ, ಸಜ್ಜೆ, ಅಲಸಂದಿಗೆ 75 ಬರಬೇಕು, ಸೂರ್ಯಕಾಂತಿಗೆ 70. 60 ಬಂದ ಸಜ್ಜೆಯನ್ನು 75ಕ್ಕೆ ಸರಿದೂಗಿಸಲು ಕಾಲುಭಾಗ ಹೆಚ್ಚು ಬಿತ್ತಿ, 400 ಗ್ರಾಂ ಜಾಗಕ್ಕೆ 500. ಐವತ್ತರ ಕೆಳಗೆ ಇಳಿದಿದ್ದರೆ ಬಿತ್ತಬೇಡಿ, ಮೊಳೆತ ಸಸಿಗೂ ಕಸುವಿರುವುದಿಲ್ಲ.

ಹಾಗೆ ಬಿಟ್ಟ ಬೀಜವನ್ನು ಗೀಜಗ, ರಾಟವಾಳಗಳಿಗೆ ಸುರಿಯುವ ಮೊದಲು ಬಣ್ಣ ನೋಡಿ. ಗುಲಾಬಿ, ಕೆಂಪು, ಹಸಿರು, ನೀಲಿ ಬಣ್ಣವಿದ್ದರೆ ಅದಕ್ಕೆ ಶಿಲೀಂಧ್ರನಾಶಕವೋ ಕೀಟನಾಶಕವೋ ಹಚ್ಚಿದೆ. ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಹಚ್ಚಿದ ಕೆಲವೇ ಕಾಳು ಸಣ್ಣ ಹಕ್ಕಿಯ ಜೀವ ತೆಗೆಯಬಲ್ಲದು. ತೊಳೆದರೂ ಅದು ತಿನ್ನುವ ಕಾಳಾಗದು, ಕೋಳಿಗೂ ಹಾಕಬೇಡಿ. ಬಿತ್ತುವಾಗಲೂ ಸಾಲಿನ ತುದಿಯಲ್ಲಿ, ಕೂರಿಗೆ ತಿರುಗುವಲ್ಲಿ ಚೆಲ್ಲಿದ ಬಣ್ಣದ ಕಾಳನ್ನು ಆಗಲೇ ಮಣ್ಣಲ್ಲಿ ಮುಚ್ಚಿ, ಗೌಜಲು, ಪಾರಿವಾಳ ಮೊದಲು ಇಳಿಯುವುದು ಅಲ್ಲಿಗೇ. ಔಷಧ ಹಚ್ಚದ, ಬೂಸ್ಟು ಹಿಡಿಯದ ಹಳೇ ಕಾಳನ್ನು ಧಾರಾಳವಾಗಿ ಹಾಕಬಹುದು. ಬೂಸ್ಟು ಹಿಡಿದ ಮೆಕ್ಕೆಜೋಳ, ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಅದನ್ನು ಗೊಬ್ಬರದ ಗುಂಡಿಗೆ ಹಾಕಿ ಮೇಲೆ ಮಣ್ಣೆಳೆಯಿರಿ.